ಸ್ಟಾಕಿನಲ್ಲಿಲ್ಲದ ತೊಟ್ಟಿಲು

ಗಾಡಿ ಎಲ್ಲಿ ನಿಲ್ಲಿಸಿದ್ದೀಯ ಎಂದು ಕೇಳಬಾರದಿತ್ತು, ಅದಂತೂ ಖಂಡಿತ. ಆದರೆ ಮತ್ತೇನು ಕೇಳಬಹುದಿತ್ತು? ಗಡ್ಡಕ್ಕೆ ಸೋಪು ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತವನಿಗೆ ಆ ಬೆಳಿಗ್ಗೆಯೂ ಉತ್ತರ ಹೊಳೆಯಲಿಲ್ಲ.

ಕಳೆದ ತಿಂಗಳು ಆಸ್ಪತ್ರೆಯ ಕಾರಿಡಾರಿನಲ್ಲಿ ಮಗ ಬಾಗಿಲು ತಳ್ಳಿಕೊಂಡು ಹೊರಗೆ ಬಂದು, "ಉಳೀಲಿಲ್ಲ ಅಪ್ಪ" ಎಂದಿದ್ದ. ಹುಟ್ಟಿದ ಕೂಸು ಒಂದು ಸಲವೂ ಅತ್ತಿರಲಿಲ್ಲ. ಮಗ ಅಪ್ಪನ ಮುಖವನ್ನೇ ನೋಡುತ್ತ ನಿಂತಿದ್ದ. ಆಗ ಅಪ್ಪನ ಬಾಯಿಂದ ಹೊರಟ ಮಾತು, "ಗಾಡಿ ಎಲ್ಲಿ ನಿಲ್ಲಿಸಿದೀಯ?"

ಅಂದಿನಿಂದ ಅಪ್ಪ ಮಗನ ನಡುವೆ ನೀರಿನ ಮೋಟಾರು, ಬಾಗಿಲ ಚಿಲಕ, ಖಾಲಿಯಾದ ಗ್ಯಾಸು ಇಷ್ಟರ ಬಗ್ಗೆ ಬಿಟ್ಟು ಬೇರೆ ಮಾತಿಲ್ಲ.

"ರೀ," ಎಂದಳು ಹೆಂಡತಿ ಹಿಂದಿನಿಂದ. "ನಾಳೆ ಬೆಳಿಗ್ಗೆ ಸೊಸೇನ ಕರ್ಕೊಂಡು ಅವಳ ತವರಿಗೆ ಹೊರಟಿದಾನೆ. ಅಲ್ಲೇ ಮನೆ ನೋಡ್ತಾನಂತೆ. ಮತ್ತೆ ಈ ಕಡೆ ಬರ್ತಾನೆ ಅನ್ನೋ ನಂಬಿಕೆ ನಂಗಿಲ್ಲ. ಇವತ್ತಾದ್ರೂ ಅವನ ಹತ್ರ ಒಂದು ಮಾತಾಡಿ."

"ಏನಂತ ಆಡ್ಲಿ?"

"ಅದನ್ನೂ ನಾನೇ ಹೇಳ್ಕೊಡ್ಬೇಕಾ? ಅಪ್ಪ ಯಾರು, ನೀವೋ ನಾನೋ?"

ಈ ಪ್ರಶ್ನೆಗೆ ಉತ್ತರ ಗೊತ್ತಿತ್ತು. ಆದರೂ ಅವನು ಸುಮ್ಮನೆ ಬ್ಲೇಡು ತೊಳೆದ. "ಸಂಜೆ ನೋಡೋಣ" ಎಂದು ಟವೆಲಿಗೆ ಹೇಳಿದ.

ಕಾಲೇಜಿನ ಮನಶ್ಶಾಸ್ತ್ರ ವಿಭಾಗದಲ್ಲಿ ಅವನು ಸ್ಟೋರ್‌ಕೀಪರ್. ಎಲ್ಲರೂ ಕರೆಯುತ್ತಿದ್ದುದು ಕಪಾಟಣ್ಣ ಎಂದು. ಕಪಾಟುಗಳ ಬೀಗದ ಕೈ ಅವನ ಸೊಂಟದಲ್ಲಿ ಇರುತ್ತಿತ್ತು ಎಂಬುದು ನೆಪ. ಅವನ ಬಾಯಿ ತೆರೆಸುವುದಕ್ಕೆ ಯಾವ ಕೈಯೂ ಇಲ್ಲವೆಂಬುದು ನಿಜವಾದ ಕಾರಣ. ಆ ಹೆಸರಿಟ್ಟವನು ಆಫೀಸಿನ ಗುಮಾಸ್ತ. ಇವನ ಪಕ್ಕದ ಮನೆಯವನೇ. ಗುಮಾಸ್ತನಿಗೂ ಒಂದು ಹೆಸರಿತ್ತು, ಮೈಕು. ಮೈಕಿನ ಕಿವಿಗೆ ಬಿದ್ದದ್ದು ಊರಿಗೆ ತಿಳಿಯಲು ಮೈಕು ಉಸಿರೆಳೆದುಕೊಳ್ಳುವಷ್ಟು ಹೊತ್ತು ಸಾಕು.

ಕಪಾಟಣ್ಣ ಸ್ಟೋರಿನ ಬಾಗಿಲು ತೆರೆದ. ಮುರಿದ ಕುರ್ಚಿಗಳ ಹಿಂದೆ, ಹಳೆಯ ಪರದೆಯ ಬಟ್ಟೆ ಹೊದ್ದು ಅದು ಹಾಗೇ ಇತ್ತು. ಮಗ ಚಿಕ್ಕವನಿದ್ದಾಗ ಮಲಗಿದ್ದ ಮರದ ತೊಟ್ಟಿಲು. ಸೊಸೆಗೆ ತಿಂಗಳು ತುಂಬುವ ಮೊದಲು, ಎಲ್ಲರನ್ನೂ ಬೆರಗುಗೊಳಿಸೋಣವೆಂದು ಅಟ್ಟದಿಂದ ಕದ್ದು ಇಳಿಸಿ ಇಲ್ಲಿಗೆ ತಂದಿದ್ದ. ಕೆಲಸ ಮುಗಿದ ಮೇಲೆ ಒಬ್ಬನೇ ಕುಳಿತು ಉಜ್ಜಿದ್ದ, ಪಾಲಿಶ್ ಹಾಕಿದ್ದ. ಈಗ ಅತ್ತ ನೋಡದೆ ನಡೆದಾಡುವುದನ್ನು ಕಲಿತಿದ್ದಾನೆ. ಸೀಮೆಸುಣ್ಣದ ಡಬ್ಬ ಬೇಕಾದರೂ ಗೋಡೆಯ ಕಡೆ ಮುಖ ಮಾಡಿಕೊಂಡು, ಏಡಿಯಂತೆ ಅಡ್ಡಡ್ಡ ಹೋಗಿ ತರುತ್ತಾನೆ.

"ಕಪಾಟಣ್ಣ! ಇಲ್ಲಿದೀರಾ! ಬನ್ನಿ ಬನ್ನಿ!" ವಿಭಾಗದ ಮುಖ್ಯಸ್ಥೆ ಮೇಡಂ ಓಡುತ್ತಲೇ ಬಂದರು. ಹಿಂದೆ ಮೈಕು.

ಅವತ್ತು ವಿಭಾಗದಲ್ಲಿ ತರಬೇತಿ ಶಿಬಿರ. ವಿಷಯ: ಗಂಡಸರನ್ನು, ಅದರಲ್ಲೂ ಅಪ್ಪಂದಿರನ್ನು, ಮಾತಾಡಿಸುವ ಹೊಸ ಚಿಕಿತ್ಸಾ ವಿಧಾನಗಳು. ಹೊರಗಿನಿಂದ ದೊಡ್ಡ ತಜ್ಞರು ಬಂದಿದ್ದರು. ಆಪ್ತಸಲಹೆ ಕಲಿಯುವವರು ಅಭ್ಯಾಸ ಮಾಡಲೆಂದು ಒಬ್ಬ ನಟನನ್ನು ಗೊತ್ತು ಮಾಡಿದ್ದರು. ಮಾತೇ ಆಡದ ಅಪ್ಪನ ಪಾತ್ರ. ಆ ನಟನಿಗೆ ಗಂಟಲು ಕಟ್ಟಿ ಬರುವುದಿಲ್ಲವೆಂದು ಫೋನು ಬಂದಿತ್ತು. ಮಾತಾಡದ ಪಾತ್ರಕ್ಕೆ ಗಂಟಲು ಯಾತಕ್ಕೆ ಎಂದು ಕೇಳುವಷ್ಟು ಸಮಾಧಾನ ಯಾರಿಗೂ ಇರಲಿಲ್ಲ.

"ನಾನೇ ಹೇಳಿದೆ ಮೇಡಂಗೆ," ಎಂದ ಮೈಕು ಎದೆಯುಬ್ಬಿಸಿ. "ನಮ್ಮ ಕಪಾಟಣ್ಣ ಇರೋವಾಗ ಹೊರಗಿನ ನಟ ಯಾಕೆ? ನಲವತ್ತು ವರ್ಷದಿಂದ ಇದನ್ನೇ ಮಾಡ್ಕೊಂಡು ಬಂದಿದಾರೆ."

"ನಂಗೆ ನಾಟಕ ಬರಲ್ಲ ಮೇಡಂ."

"ಅದೇ ಬೇಕಾಗಿರೋದು! ಪಾತ್ರ ಹೀಗೆ, ನಿಮ್ಮ ಮಗ ಒಂದು ಅಂಗಡಿ ಇಟ್ಟಿದ್ದ. ನಷ್ಟ ಆಗಿ ಮುಚ್ಚಿದ. ಅವತ್ತಿಂದ ನೀವು ಅವನ ಹತ್ರ ಮಾತು ಬಿಟ್ಟಿದೀರಿ. ಇಷ್ಟೇ. ಯಾರು ಏನು ಕೇಳಿದ್ರೂ ಸುಮ್ನೆ ಕೂತ್ಕೊಳ್ಳಿ."

ಸುಮ್ಮನೆ ಕೂರುವುದಕ್ಕೂ ಬಿಡದೆ ಊರೆಲ್ಲ ಕಲಿಸತೊಡಗಿತು. ಅಪ್ಪಂದಿರು ಆಗಾಗ ಕೆಮ್ಮಬೇಕು ಎಂದ ಮೈಕು. ಹುಬ್ಬು ಗಂಟಿಕ್ಕಿದರೆ ಸಾಲದು, ಕಿಟಕಿಯ ಆಚೆ ನೋಡಬೇಕು ಎಂದಳು ಟೈಪಿಸ್ಟ್. ಜವಾನ ಎಲ್ಲಿಂದಲೋ ಒಂದು ಮಫ್ಲರ್ ತಂದು ಸುತ್ತಿದ. ಎಲ್ಲ ಮುಗಿದಾಗ ಕಪಾಟಣ್ಣ ಶೀತ ಜ್ವರ ಬಂದ ಹದ್ದಿನ ಹಾಗೆ ಕಾಣುತ್ತಿದ್ದ.

ಮೊದಲನೆಯ ಹುಡುಗಿ ಎದುರಿಗೆ ಕುಳಿತು, ಇವನ ಕಣ್ಣಲ್ಲಿ ಕಣ್ಣಿಟ್ಟು, ಮೆಲ್ಲಗೆ ತಲೆ ಆಡಿಸುತ್ತಾ ಹೋದಳು. ಇವನು ಕೆಮ್ಮಿದ. ಸ್ವಲ್ಪ ಹೊತ್ತಿಗೆ ಅವಳೇ ತನ್ನ ಅಪ್ಪನನ್ನು ನೆನೆದು ಅಳಲು ಶುರು ಮಾಡಿದಳು. ಅವಳನ್ನು ಇಬ್ಬರು ಹಿಡಿದುಕೊಂಡು ಹೊರಗೆ ಕರೆದೊಯ್ದರು.

ಎರಡನೆಯವಳು ಕೇಳಿದಳು, "ಸರ್, ನಿಮ್ಮೊಳಗೆ ಈಗ ಇರೋದು ಯಾವ ಬಣ್ಣ?"

ಕಪಾಟಣ್ಣ ಯೋಚಿಸಿದ. "ಬೂದು. ಎರಡು ಡಬ್ಬ ಇದೆ. ಒಂದು ಗಟ್ಟಿಯಾಗಿದೆ."

ತಜ್ಞರು ಕೈ ಎತ್ತಿ ನಿಲ್ಲಿಸಿದರು. "ನೋಡಿ, ಗಂಡಸರನ್ನ ಎದುರು ಕೂರಿಸಿದ್ರೆ ಅವರಿಗೆ ಪೊಲೀಸ್ ಸ್ಟೇಷನ್ ನೆನಪಾಗತ್ತೆ. ಪಕ್ಕದಲ್ಲಿ ಕೂರಿ. ಭುಜಕ್ಕೆ ಭುಜ. ಕೈಗೊಂದು ಕೆಲಸ ಕೊಡಿ. ಕೈ ಕೆಲಸ ಮಾಡ್ತಿದ್ರೆ ಬಾಯಿ ತಾನಾಗೇ ಬಿಡತ್ತೆ. ಇದು ನಮ್ಮ ಸಂಶೋಧನೆಯ ಸಾರ." ಅಷ್ಟರಲ್ಲಿ ಅವರ ಫೋನು ಗುಂಯ್‌ಗುಟ್ಟಿತು. ನೋಡಿ, ಕಟ್ ಮಾಡಿ, "ಮಗ. ಹೊತ್ತು ಗೊತ್ತಿಲ್ಲ" ಎಂದು ಜೇಬಿಗಿಟ್ಟರು.

ಕೈಗೆ ಕೆಲಸ ಹುಡುಕಿದಾಗ ಸಿಕ್ಕಿದ್ದು ಪ್ಲಾಸ್ಟಿಕ್ಕಿನ ಮೆದುಳು. ಬಿಚ್ಚಿ ಜೋಡಿಸುವಂಥದ್ದು. ಅದನ್ನು ಬಿಡಿಬಿಡಿಯಾಗಿ ಕಪಾಟಣ್ಣನ ಮಡಿಲಿಗೆ ಸುರಿದರು. ಪಕ್ಕದಲ್ಲಿ, ಮಗನ ಪಾತ್ರದಲ್ಲಿ, ಕುರುಚಲು ಗಡ್ಡದ ಹುಡುಗನೊಬ್ಬ ಬಂದು ಕುಳಿತ. ಭುಜಕ್ಕೆ ಭುಜ ತಾಗಿತು. ಆ ಭುಜ ಎಷ್ಟೋ ಕಾಲದಿಂದ ಯಾರಿಗೂ ತಾಗಿರಲಿಲ್ಲ.

ಹುಡುಗ ತುಂಡುಗಳನ್ನು ಒಂದೊಂದಾಗಿ ಎತ್ತಿ ಕೊಟ್ಟ, ಇವನು ಜೋಡಿಸಿದ. ಎಡಭಾಗ ಕೂತಿತು. ಬಲಭಾಗ ಕೂತಿತು. ಹಿಂಭಾಗದ ತುಂಡೊಂದು ಬಹಳ ಕಾಲದಿಂದ ಕಾಣೆಯಾಗಿತ್ತು. ಆ ತೂತಿನ ಮೇಲೆ ಕಪಾಟಣ್ಣನ ಹೆಬ್ಬೆರಳು ನಿಂತಿತು.

"ಅಪ್ಪ," ಎಂದ ಹುಡುಗ, ಅವನ ಕಡೆ ನೋಡದೆ. "ಏನಾದ್ರೂ ಹೇಳಿ."

"ತೊಟ್ಟಿಲು ಇದೆ," ಎಂದ ಕಪಾಟಣ್ಣ.

ಮೂಲೆಯಲ್ಲಿ ಮೈಕು ಫೋನು ಎತ್ತಿ ವಿಡಿಯೊ ಶುರು ಮಾಡಿದ.

"ನೀನು ಮಲಗಿದ್ದ ತೊಟ್ಟಿಲೇ. ಯಾರಿಗೂ ಹೇಳದೆ ಇಳಿಸಿ, ಮರಳು ಕಾಗದ ಹಾಕಿ ಉಜ್ಜಿದೆ. ಅಂಚಲ್ಲಿ ನಿನ್ನ ಹಲ್ಲಿನ ಗುರುತು ಇತ್ತು. ಅಷ್ಟನ್ನ ಮಾತ್ರ ಉಜ್ಜಲಿಲ್ಲ. ಮನೆಗೆ ತರೋಣ ಅಂದ್ಕೊಂಡೆ, ಆಗಲಿಲ್ಲ. ಈಗ ಬಟ್ಟೆ ಹೊದಿಸಿ ಇಟ್ಟಿದೀನಿ. ನಂಗೇ ಅದನ್ನ ನೋಡೋಕಾಗ್ತಿಲ್ಲ. ನಿಂಗೆ ಹೇಗಾಗ್ತಿರಬಹುದು ಅಂತ ದಿನಾ ಅನ್ಕೋತೀನಿ. ಕೇಳೋಕೆ ಬಾಯಿ ಬರಲ್ಲ ಕಣೋ."

ಮೆದುಳು ಮಡಿಲಿನಿಂದ ಜಾರಿ ನೆಲಕ್ಕೆ ಬಿದ್ದು, ಕೋಣೆಯ ಉದ್ದಕ್ಕೂ ಚೆಲ್ಲಿತು. ಯಾರೂ ಎತ್ತಲು ಹೋಗಲಿಲ್ಲ.

ತಜ್ಞರು ಕನ್ನಡಕ ತೆಗೆದರು. "ಒಂದು ನಿಮಿಷ. ಮಗ ಅಂಗಡಿ ಮುಚ್ಚಿದ್ದಕ್ಕೂ ತೊಟ್ಟಿಲಿಗೂ ಏನು ಸಂಬಂಧ?"

ಯಾರಿಗೂ ಗೊತ್ತಾಗಲಿಲ್ಲ. ಕಳೆದ ತಿಂಗಳು ಕೂಸಿನ ಸುದ್ದಿಯನ್ನು ಊರಿಗೆಲ್ಲ ಹಂಚಿದ್ದ ಮೈಕಿಗೂ ಫೋನಿನ ಪರದೆಯಲ್ಲಿ ಕಂಡದ್ದು ಅಭಿನಯವಷ್ಟೇ. ಕಪಾಟಣ್ಣ ಬಾಯಿ ತೆರೆದ. ಈಗ ಹೇಳಿಬಿಡಬಹುದು ಎನ್ನಿಸಿತು.

"ಸಂಕೇತ ಸರ್!" ಎಂದಳು ಹೊರಗಿನಿಂದ ಅತ್ತು ಮುಗಿಸಿ ಬಂದ ಹುಡುಗಿ. "ಅಂಗಡಿಯೇ ಮಗು! ಮುಚ್ಚಿದ ಅಂಗಡಿ ಅಂದ್ರೆ ಖಾಲಿ ತೊಟ್ಟಿಲು!"

"ಆಹಾ!" ಎಂದರು ತಜ್ಞರು. ಎಲ್ಲರೂ ಬರೆದುಕೊಂಡರು. "ಅದ್ಭುತ. ಆದ್ರೆ ನಿಜವಾದ ಅಪ್ಪಂದಿರು ಇಷ್ಟು ಚೆನ್ನಾಗಿ ಮಾತಾಡಲ್ಲ, ಅದೊಂದೇ ಕೊರತೆ. ಯಾರು ಬರೆದಿದ್ದು ಇದನ್ನ?"

ಮೇಡಂ ಸೆರಗು ಸರಿಮಾಡಿಕೊಂಡರು. "ನಾನೇ ಸರ್, ಸುಮ್ನೆ ಹಾಗೇ ಒಂದು ನಾಲ್ಕು ಸಾಲು."

ಚಪ್ಪಾಳೆ ಬಿತ್ತು. ಕಪಾಟಣ್ಣ ಬಾಯಿ ಮುಚ್ಚಿ, ಮೊಣಕಾಲೂರಿ ಮೆದುಳು ಆರಿಸತೊಡಗಿದ.

ಹೊರಡುವಾಗ ಮೇಡಂ ಅವನನ್ನು ಬಾಗಿಲಲ್ಲಿ ಹಿಡಿದರು. ದನಿ ತಗ್ಗಿತ್ತು. "ಸಮಯಕ್ಕೆ ಸರಿಯಾಗಿ ಏನೋ ಹೊಳೀತಲ್ಲ ನಿಮಗೆ, ಬಚಾವಾದ್ವಿ. ಮುಂದಿನ ಶಿಬಿರಕ್ಕೂ ಇದೇ ಇಟ್ಕೊಳ್ಳೋಣ ಅಂದ್ರು. ಸ್ಟೋರಲ್ಲಿ ಹಳೇ ತೊಟ್ಟಿಲು ಏನಾದ್ರೂ ಬಿದ್ದಿದ್ಯಾ? ವೇದಿಕೆ ಮೇಲೆ ಇಟ್ರೆ ಕಳೆ ಬರತ್ತೆ."

"ಇಲ್ಲ ಮೇಡಂ," ಎಂದ ಕಪಾಟಣ್ಣ. "ಸ್ಟಾಕಲ್ಲಿಲ್ಲ."

ಆದರೂ ಮನೆಯ ಕಡೆ ನಡೆಯುವಾಗ ಅವನ ಹೆಜ್ಜೆ ಎಂದಿನಂತೆ ಇರಲಿಲ್ಲ. ಮಾತು ಹೊರಗೆ ಬಂದಿತ್ತು. ಒಮ್ಮೆ ಬಂದದ್ದು ಇನ್ನೊಮ್ಮೆ ಬಂದೀತು. ಭುಜಕ್ಕೆ ಭುಜ, ಕೈಗೊಂದು ಕೆಲಸ; ಅಷ್ಟೇ ತಾನೆ? ದಾರಿಯುದ್ದಕ್ಕೂ ಅವನು ಆ ಮಾತುಗಳನ್ನು ತುಟಿಯಲ್ಲೇ ಆಡಿಕೊಂಡ. ಎದುರಿಗೆ ಬಂದವರು ಮಗ್ಗುಲಾಗಿ ದಾರಿ ಬಿಟ್ಟರು.

ಮಗ ಅಂಗಳದಲ್ಲಿ ಸ್ಕೂಟರಿನ ಪಕ್ಕ ಕುಕ್ಕರಗಾಲಲ್ಲಿ ಕುಳಿತು ನಟ್ಟು ಬಿಗಿ ಮಾಡುತ್ತಿದ್ದ. ಶಿಬಿರದವರೇ ಬಂದು ಹೊಂದಿಸಿಟ್ಟ ಹಾಗಿತ್ತು. ಕಪಾಟಣ್ಣ ಪಕ್ಕದಲ್ಲಿ ಕುಳಿತ. ಭುಜ ತಾಗಿತು. ಮಗ ಸರಿಯಲಿಲ್ಲ. ಅಡುಗೆಮನೆಯ ಕಿಟಕಿಯಲ್ಲಿ ಹೆಂಡತಿಯ ಕೈಬಳೆಯ ಸದ್ದು ನಿಂತಿತು. ಕಪಾಟಣ್ಣ ಒಂದು ಸ್ಪ್ಯಾನರ್ ಎತ್ತಿ ಕೊಟ್ಟ. ಅದು ಬೇಕಾದದ್ದಲ್ಲ, ಆದರೂ ಮಗ ತೆಗೆದುಕೊಂಡ.

ಕಪಾಟಣ್ಣ ಉಸಿರೆಳೆದುಕೊಂಡ. "ಒಂದು ತೊ..."

"ವಿಡಿಯೊ ನೋಡಿದೆ ಅಪ್ಪ," ಎಂದ ಮಗ.

"ಯಾವುದು?"

"ಪಕ್ಕದ ಮನೆ ಅಂಕಲ್ ಎಲ್ಲರಿಗೂ ಕಳಿಸಿದಾರೆ. 'ನಮ್ಮ ಕಪಾಟಣ್ಣನ ಅಮೋಘ ಅಭಿನಯ' ಅಂತ." ಮಗನ ಕೈ ನಟ್ಟಿನ ಮೇಲೆ ನಿಂತಿತ್ತು, ತಿರುಗುತ್ತಿರಲಿಲ್ಲ. "ಅದರಲ್ಲಿ ಹಲ್ಲಿನ ಗುರುತು ಅಂತ ಒಂದು ಮಾತಿತ್ತಲ್ಲ. ಅದು... ಅದು ಯಾರು ಬರ್ದಿದ್ದು?"

ಕಾಂಪೌಂಡಿನ ಮೇಲೆ ಹುಣ್ಣಿಮೆ ಚಂದ್ರನಂತೆ ಒಂದು ಮುಖ ಮೂಡಿತು.

"ಮೇಡಂ ಬರ್ದಿದ್ದು ಕಣಪ್ಪ!" ಎಂದು ಕೂಗಿತು ಮೈಕು. "ನಿಮ್ಮಪ್ಪಂದು ಬರೀ ಅಭಿನಯ! ಆದ್ರೂ ಏನ್ ಮಾಡಿದ್ರು ಅಂತೀಯ! ನಮ್ಮನೇವಳು ಎರಡು ಸಲ ಅತ್ಲು!"

ಮಗ ಕಾಂಪೌಂಡಿನ ಕಡೆ ತಿರುಗಲಿಲ್ಲ. ಅಪ್ಪನ ಮುಖವನ್ನೇ ನೋಡಿದ. ಆಸ್ಪತ್ರೆಯ ಕಾರಿಡಾರಿನಲ್ಲಿ ನೋಡಿದ್ದನಲ್ಲ, ಹಾಗೆಯೇ.

"ಹೌದಾ ಅಪ್ಪ?"

ಕಾಂಪೌಂಡಿನ ಮೇಲೆ ಮುಖ ಕಾಯುತ್ತಿತ್ತು. ಕಿಟಕಿ ಕಾಯುತ್ತಿತ್ತು. ಕಪಾಟಣ್ಣ ಕೆಮ್ಮಿದ.

"ಹೂಂ," ಎಂದ. "ಮೇಡಮ್ಮೇ."

ಮಗ ತಲೆಯಾಡಿಸಿ ಮತ್ತೆ ನಟ್ಟು ತಿರುಗಿಸತೊಡಗಿದ. ಅದು ಆಗಲೇ ಬಿಗಿಯಾಗಿತ್ತು. "ಚೆನ್ನಾಗಿ ಬರ್ದಿದಾರೆ," ಎಂದ ಕೊನೆಗೆ.

"ಹೂಂ."

ಅಡುಗೆಮನೆಯಲ್ಲಿ ಪಾತ್ರೆಯೊಂದು ಜೋರಾಗಿ ಕೆಳಗಿಟ್ಟ ಸದ್ದಾಯಿತು. ಕಪಾಟಣ್ಣ ಎದ್ದ, ಮೊಣಕಾಲು ಒರೆಸಿಕೊಂಡ, ಎರಡು ಹೆಜ್ಜೆ ಹೋಗಿ ನಿಂತ.

"ನಾಳೆ ಬಸ್ಸಲ್ಲಾ ಹೋಗೋದು?"

"ಹೂಂ, ಬಸ್ಸಲ್ಲೇ."

"ಹಾಗಾದ್ರೆ... ಗಾಡಿ ಎಲ್ಲಿ ನಿಲ್ಲಿಸ್ತೀಯ?"

ಮಗ ಸ್ಪ್ಯಾನರನ್ನು ನೆಲದ ಮೇಲಿಟ್ಟ. "ಇಲ್ಲೇ ಅಪ್ಪ," ಎಂದ.

ತೊಟ್ಟಿಲು ಸ್ಟೋರಿನಲ್ಲಿ, ಮುರಿದ ಕುರ್ಚಿಗಳ ಹಿಂದೆ ಇದೆ, ಅದರ ಅಂಚಿನಲ್ಲಿರುವುದು ನಿನ್ನದೇ ಹಲ್ಲಿನ ಗುರುತು ಎಂದು ಕಪಾಟಣ್ಣ ಹೇಳಲೇ ಇಲ್ಲ.