ಕಾಕಾನ ಬಹಿಷ್ಕಾರದ ಗಡ್ಡ

ನಮ್ಮ ಕಾಕಾನಿಗೆ ಬಹಿಷ್ಕಾರ ಹಾಕುವುದು ಹೇಗೆಂದು ನಮ್ಮೂರಿಗೆ ಇನ್ನೂ ಗೊತ್ತಾಗಿಲ್ಲ. ಪಾಪ, ಊರು ಎಲ್ಲ ಪ್ರಯತ್ನ ಮಾಡಿತು! ಹಾಕಿಸಿಕೊಳ್ಳುವವನಿಗೇ ಸರಿಯಾಗಿ ಬರದಿದ್ದರೆ ಊರಾದರೂ ಏನು ಮಾಡಬೇಕು?

ಮೊದಲು ಕಾಕಾ ಮಹಾ ಜಗಳಗಂಟ. ನೀರಿನ ಪಾಳಿ ಹತ್ತು ನಿಮಿಷ ತಪ್ಪಿದರೆ ಪೊಲೀಸ್ ಠಾಣೆಗೆ ಓಡುವ ಗಿರಾಕಿ. ಮೂರು ವರ್ಷದ ಹಿಂದೆ ಕಾಮಣಿಯಾಗಿ, ಮೈಕಣ್ಣೆಲ್ಲ ಹಳದಿಯಾಗಿ, ಸೋಲಾಪುರದ ದವಾಖಾನೆಯಲ್ಲಿ ತಿಂಗಳು ಮಲಗಿದ. ಪಕ್ಕದ ಮಂಚದ ಮುದುಕ ದಿನವೂ ಬೈಬಲ್ ಓದುತ್ತಿದ್ದನಂತೆ. ಕಾಕಾ ಊರಿಗೆ ಬಂದವನೇ ಘೋಷಿಸಿದ: "ಅಣ್ಣಾ, ನಾ ಯೇಸುನ್ನ ನಂಬೀನಿ."

ಅಣ್ಣ ಎಂದರೆ ನಮ್ಮಪ್ಪ, ಮನೆಯ ಹೈಕೋರ್ಟು. ತೀರ್ಪು ತಕ್ಷಣ ಬಂತು. "ನಮ್ಮ ದೇವ್ರಿಗೆ ಒಮ್ಮೆ ಕೈ ಮುಗದು ಒಳಗ ಬಾ. ಅಲ್ಲೀತನಕ ಅವ್ವನ ಕೈಯಾಗಿನ ಊಟ ಇಲ್ಲ ನಿನಗ!" ಅವರಿಬ್ಬರ ಅವ್ವ, ಅಂದರೆ ನಮ್ಮ ಆಯಿ, ಇರುವುದು ನಮ್ಮ ಮನೆಯಲ್ಲಿ. ಕಾಕಾನ ಜೀವ ಇರುವುದೂ ಅಲ್ಲೇ. ಹಳೆಯ ಕಾಕಾ ಆಗಿದ್ದರೆ ಕೊಡಲಿ ಹುಡುಕುತ್ತಿದ್ದ. ಹೊಸ ಕಾಕಾ, "ಆತಣ್ಣಾ, ದೇವರು ನಿನಗ ಛಲೋ ಮಾಡ್ಲಿ" ಎಂದು ಹೊರಟುಹೋದ. ಅಪ್ಪನ ಸಿಟ್ಟು ನೆತ್ತಿಗೇರಿತು. ಜಗಳವಾಡಲು ಎದುರಿಗೊಬ್ಬ ಬೇಡವೇ?

ಅಪ್ಪನ ಮಾತು ಕೇಳಿ ಹಿಟ್ಟಿನ ಗಿರಣಿಯವನು ಕಾಕಾನ ಜೋಳ ಬೀಸಲು ಒಲ್ಲೆ ಎಂದ. ಕಾಕಾ ಚೀಲ ಹೊತ್ತು ಎಸ್‌ಟಿ ಬಸ್ಸು ಹತ್ತಿ, ಅಕ್ಕಲಕೋಟದಲ್ಲಿ ಬೀಸಿಸಿಕೊಂಡು ಬಂದ. ಅಲ್ಲಿಯ ಹಿಟ್ಟು ಭಾರಿ ಸಣ್ಣ ಎಂಬ ಸುದ್ದಿ ಹೆಂಗಸರಲ್ಲಿ ಹಬ್ಬಿತು ನೋಡಿ! ಎರಡೇ ತಿಂಗಳಲ್ಲಿ ಬಹಿಷ್ಕಾರ ಹಾಕಿದ ಅರ್ಧ ಊರಿನ ಜೋಳದ ಡಬ್ಬಿಗಳು ಕಾಕಾನ ಹಿತ್ತಿಲಿಗೆ ಗುಟ್ಟಾಗಿ ಬಂದವು. ನಮ್ಮವ್ವನದೂ ಒಂದಿತ್ತು. "ಈಗೀಗ ರೊಟ್ಟಿ ಭಾಳ ಮೆತ್ತಗ ಆಗಾಕತ್ಯಾವ" ಎಂದು ಅಪ್ಪ ಮೆಚ್ಚಿಕೊಂಡು ಉಣ್ಣುತ್ತಿದ್ದ. ನಾವು ತಾಟಿನಿಂದ ತಲೆ ಎತ್ತುತ್ತಿರಲಿಲ್ಲ.

ಕಟಿಂಗ್ ಅಂಗಡಿಯವನೂ ಕಾಕಾನನ್ನು ಹೊರಗಿಟ್ಟ. ಪ್ರತಿ ರವಿವಾರ ಸೋಲಾಪುರದ ಚರ್ಚಿಗೆ ಹೋಗುತ್ತಿದ್ದನಲ್ಲ, "ಅಲ್ಲೇ ನವಿ ಪೇಠದಾಗ ಗಡ್ಡ ಮಾಡಸ್ಕೋ ಕಾಕಾ" ಎಂದೆ.

"ಯಾಕ? ಮಾಡಸ್ಕೊಂಡ್ರ ನಮ್ಮೂರ ಕುರ್ಚಿ ಮ್ಯಾಲ ಕುಂತೇ ಮಾಡಸ್ಕೋತೀನಿ!"

ಯೇಸು ಇವನ ಸಿಟ್ಟನ್ನೇನೋ ಕಿತ್ತುಹಾಕಿದ್ದ, ಹಟವನ್ನು ಮಾತ್ರ ಹಾಗೇ ಬಿಟ್ಟಿದ್ದ. ಗಡ್ಡ ಎದೆಯವರೆಗೆ ಇಳಿಯಿತು.

ಒಂದು ದಿನ ಬೀಸಿಸಿಕೊಂಡು, ಮೈತುಂಬ ಹಿಟ್ಟು ಮೆತ್ತಿಕೊಂಡು, ಅಕ್ಕಲಕೋಟದ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಿದ್ದ. ಜೊತೆಗೆ ನಾನೂ ಇದ್ದೆ. ಅಲ್ಲಿಯ ಪ್ರಸಿದ್ಧ ಸ್ವಾಮಿಗಳ ಮಠದ ದರ್ಶನಕ್ಕೆಂದು ಪುಣೆ ಕಡೆಯಿಂದ ಬಂದ ಹೆಣ್ಣುಮಗಳೊಬ್ಬಳು ಆ ಬಿಳಿ ಮೈ, ಉದ್ದ ಗಡ್ಡ ನೋಡಿ ದಬಕ್ಕನೆ ಕಾಲಿಗೆ ಬಿದ್ದಳು. "ಮಹಾರಾಜ, ಆಶೀರ್ವಾದ ದ್ಯಾ!"

ಕಾಕಾ ಗಾಬರಿಯಾಗಿ ಕಾಲು ಎಳೆದುಕೊಂಡ. ತಾನು ಕ್ರಿಶ್ಚನ್, ಮೈಮೇಲಿರುವುದು ವಿಭೂತಿಯಲ್ಲ, ಜೋಳದ ಹಿಟ್ಟು ಎಂದು ಮರಾಠಿಯಲ್ಲಿ ಬಡಬಡಿಸಿದ. ಆಕೆ ಗಂಡನ ಕಡೆ ತಿರುಗಿ, ದೊಡ್ಡವರು ಹೀಗೇ ತಮ್ಮನ್ನು ಮರೆಸಿಕೊಳ್ಳುತ್ತಾರೆ ಎಂದು ಹೇಳಿ ಇನ್ನೊಮ್ಮೆ ಬಿದ್ದಳು! ಸುದ್ದಿ ಕೇಳಿದ ಅಪ್ಪ ಹಲ್ಲು ಕಡಿದ. "ಊರಾಗಿಂದ ಹೊರಗ ಹಾಕಿದ್ರ ಅಕ್ಕಲಕೋಟ್ಯಾಗ ಮಹಾರಾಜ ಆಗ್ಯಾನ!"

ಆದರೆ ಆಯಿಯ ಮಾತು ಬಂದರೆ ಕಾಕಾನ ಕಣ್ಣು ನಮ್ಮ ಮನೆಯ ಕಡೆ ಹೋಗುತ್ತಿತ್ತು. ಒಂದೇ ಒಂದು ಸಲ ಕೈ ಮುಗಿದಿದ್ದರೆ ಎಲ್ಲ ಮುಗಿಯುತ್ತಿತ್ತು. "ಸುಳ್ಳೇ ಮುಗಿ ಕಾಕಾ, ಏನ ಹೋಗತೈತಿ?" ಎಂದು ನಾನೇ ಬುದ್ಧಿ ಹೇಳಿದ್ದೆ.

"ಸುಳ್ಳ ಮುಗದ್ರ ನಿಮ್ಮ ದೇವ್ರಿಗೂ ಮೋಸ, ನನ್ನ ದೇವ್ರಿಗೂ ಮೋಸ" ಎಂದ. ಬುದ್ಧಿ ಹೇಳಲು ಹೋದವನಿಗೆ ನಾಚಿಕೆಯಾಯಿತು.

ಈ ಸಲ ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಪೂಜೆ ಮುಗಿಸಿ, ಸಜ್ಜೆ ರೊಟ್ಟಿ, ಭಜ್ಜಿ ಬಡಿಸಿಕೊಂಡು ಎಲ್ಲರೂ ಊಟಕ್ಕೆ ಕೂತಿದ್ದೆವು. ಬದುವಿನಾಚೆ ತನ್ನ ಪಾಲಿನ ಹೊಲದಲ್ಲಿ ಕಾಕಾ ಒಬ್ಬನೇ ಬುತ್ತಿ ಬಿಚ್ಚಿದ್ದ. ಆಯಿ ತನ್ನ ತಾಟು ಹಿಡಿದುಕೊಂಡು ಎದ್ದಳು.

"ಎಲ್ಲಿಗವ್ವಾ?" ಎಂದ ಅಪ್ಪ.

"ಸಣ್ಣಾಂವ ಒಬ್ನ ಉಣ್ಣಾಕತ್ಯಾನ" ಎಂದವಳೇ ಸೀರೆ ಎತ್ತಿ ಹಿಡಿದು ಬದು ದಾಟಿದಳು. ಅಪ್ಪ ಕೈಯಲ್ಲಿದ್ದ ತುತ್ತನ್ನು ತಾಟಿಗಿಟ್ಟ. ತಡೆಯಲಿಲ್ಲ.

ಆಯಿ ಕಾಕಾನ ಮುಂದೆ ಕೂತು ರೊಟ್ಟಿ ಮುರಿದಳು. "ನಿನ್ನ ದೇವ್ರಿಗೆ ಏನ ಹೇಳೂದೈತಿ ಮೊದಲ ಹೇಳು. ಆಮ್ಯಾಲ ಉಣ್ಣೂನು."

ಕಾಕಾ ಕಣ್ಣು ಮುಚ್ಚಿ "ತಂದೀ..." ಎಂದ. ಮುಂದಿನ ಮಾತು ಬರಲೇ ಇಲ್ಲ. ಭುಜ ಅಲುಗುತ್ತಿದ್ದವು.

ಆಯಿ ತುತ್ತು ಅವನ ಬಾಯಿಗಿಟ್ಟಳು. "ಸಾಕ ಬಿಡು, ಆಂವಗ ತಿಳದೈತಿ. ಉಣ್ಣು."