ಒಂದೇ ಸಲ ಕೇಳುವ ದೇಶ

ಪರದೇಶಕ್ಕೆ ಹೋಗುವವರ ಮೇಲೆ ನನಗೆ ಸಿಟ್ಟಿಲ್ಲ. ಹೋಗಲಿ, ಸುಖವಾಗಿರಲಿ. ನನ್ನ ಸಿಟ್ಟೇನಿದ್ದರೂ ಅಲ್ಲಿಂದ ವಾಪಸು ಬರುವವರ ಮೇಲೆ. ಕಾಶಿಗೆ ಹೋದವರು ಬಂದರೆ ಒಂದು ಗಿಂಡಿ ಗಂಗೆ, ಮಣಿಕಟ್ಟಿಗೊಂದು ಕಪ್ಪು ದಾರ ಕೊಟ್ಟು ಸುಮ್ಮನಾಗುತ್ತಾರೆ. ಪರದೇಶಕ್ಕೆ ಹೋದವರು ತರುವುದು ಬರೀ ಉಪದೇಶ. ಎಷ್ಟು ಹಂಚಿದರೂ ಅದು ಖರ್ಚಾಗುವುದಿಲ್ಲ, ಬೇಡವೆಂದರೆ ಬಿಡುವುದೂ ಇಲ್ಲ. ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಗುಮಾಸ್ತನಾಗಿ, ಹುಬ್ಬಳ್ಳಿಯಿಂದಾಚೆಗೆ ಭೂಮಿ ಇದೆಯೆಂಬುದನ್ನು ಬರೀ ನಂಬಿಕೆಯ ಮೇಲೆ ಒಪ್ಪಿಕೊಂಡಿರುವ ನನ್ನಂಥವನು ಇಂಥವರ ಕೈಗೆ ಸಿಕ್ಕರೆ ಮುಗಿಯಿತು.

ನಾನು ಸಿಕ್ಕಿದ್ದು ನಮ್ಮ ಭಾವ ರುದ್ರಪ್ಪನವರ ಕೈಗೆ. ಅಕ್ಕನ ಗಂಡ, ಹರಿಹರದಲ್ಲಿ ಯಂತ್ರ ತಯಾರಿಸುವ ಕಾರ್ಖಾನೆಯಲ್ಲಿ ಫೋರ್‌ಮನ್ನು. ಪಂಚವಾರ್ಷಿಕ ಯೋಜನೆ, ನಯಾಪೈಸೆ ಎಲ್ಲ ಹೊಸದಾಗಿ ಬಂದಿದ್ದ ಕಾಲ. ಹೊಸ ಯಂತ್ರದ ಕೆಲಸ ಕಲಿತು ಬರಲೆಂದು ಕಾರ್ಖಾನೆಯವರು ಅವರನ್ನು ಹಡಗು ಹತ್ತಿಸಿ ಜರ್ಮನಿಗೆ ಕಳಿಸಿದರು. ಆರೇ ತಿಂಗಳು. ಆದರೆ ಬಂದಮೇಲೆ ಅವರ ಮಾತು ಕೇಳಿದರೆ ಹುಟ್ಟಿದ್ದೇ ಅಲ್ಲಿ, ನಮ್ಮ ಅಕ್ಕನನ್ನು ನೋಡಲು ಹರಿಹರಕ್ಕೆ ರಜೆಯ ಮೇಲೆ ಬಂದಿದ್ದಾರೆ ಅನ್ನಬೇಕು. ಆಲೂಗಡ್ಡೆಯನ್ನು ಚಾಕುವಿನಿಂದ ಕತ್ತರಿಸಿದರೆ ಜರ್ಮನಿಯ ಮನೆಯೊಡತಿಗೆ ಅವಮಾನವಂತೆ. ಅರಬರ ದೇಶದಲ್ಲಿ ಬಟ್ಟಲನ್ನು ಅಲುಗಾಡಿಸುವ ತನಕ ಕಾಫಿ ಸುರಿಯುತ್ತಲೇ ಇರುತ್ತಾರಂತೆ. ಬಲ್ಗೇರಿಯದವರು ಹೌದೆನ್ನಲು ತಲೆ ಅಡ್ಡಡ್ಡ ಆಡಿಸುತ್ತಾರಂತೆ. ಜಪಾನಿನಲ್ಲಿ ಶಾವಿಗೆಯನ್ನು ಸೊರಸೊರ ಸದ್ದು ಮಾಡಿ ತಿನ್ನದಿದ್ದರೆ ಅಡುಗೆಯವನು ಮುಖ ಸಣ್ಣ ಮಾಡುತ್ತಾನಂತೆ. ಬಲ್ಗೇರಿಯವನ್ನಾಗಲಿ ಜಪಾನನ್ನಾಗಲಿ ಇವರು ಯಾವಾಗ ನೋಡಿದರೆಂದು ಕೇಳಿದೆ. ಹಡಗಿನಲ್ಲಿ ಎಲ್ಲ ದೇಶದವರೂ ಇದ್ದರಂತೆ. ನಮ್ಮ ಅಜ್ಜ ಸಾರನ್ನು ಸೊರಸೊರ ಎಳೆದರೆ ಇದೇ ಭಾವ ಎದ್ದು ಆಚೆ ಹೋಗುತ್ತಿದ್ದರು. ಅದೇ ಸದ್ದು ಜಪಾನಿನಿಂದ ಬಂದರೆ ನಾಗರಿಕತೆ. ಹೊಟ್ಟೆ ಉರಿಯದೆ ಏನಾದೀತು, ನೀವೇ ಹೇಳಿ.

ಇದನ್ನೆಲ್ಲ ಸಹಿಸಿಕೊಂಡೆ. ಸಹಿಸಲಾಗದ್ದು ಒಂದೇ. ಜರ್ಮನಿಯಲ್ಲಿ ಭಾವ ಬಾಡಿಗೆಗಿದ್ದ ಮನೆಯ ಮುದುಕಿ ಮೊದಲ ದಿನ ಊಟಕ್ಕೆ ಕೂತಾಗ ಆಲೂಗಡ್ಡೆಯ ಬೋಗುಣಿ ಹಿಡಿದು, ಹಾಕಲೇ ಎಂದಳಂತೆ. ಆ ಮೇಜಿನ ಮೇಲೆ ಭಾವ ತಿನ್ನಬಹುದಾದ ಪದಾರ್ಥ ಅದೊಂದೇ. ಆದರೂ ಮನುಷ್ಯ ನಮ್ಮ ಸೀಮೆಯವರಲ್ಲವೇ, ಸಹಜವಾಗಿ ಬೇಡವೆಂದರು. ಮುದುಕಿ ಬೋಗುಣಿ ತೆಗೆದು ಒಳಗಿಟ್ಟಳು. ಮಾರನೆಯ ದಿನವೂ ಅದೇ ಕಥೆ. ವಾರ ಕಳೆಯುವುದರೊಳಗೆ ಭಾವನ ಪ್ಯಾಂಟು ಬೆಲ್ಟಿನ ಕೊನೆಯ ತೂತಿಗೆ ಬಂತು. ಆಗ ಅವರಿಗೆ ಜ್ಞಾನೋದಯವಾಯಿತು: ಮುಂದುವರಿದ ದೇಶದಲ್ಲಿ ಒಂದೇ ಸಲ ಕೇಳುತ್ತಾರೆ. ಹೂಂ ಅಂದರೆ ಹೂಂ, ಬೇಡ ಅಂದರೆ ಬೇಡ. ಈ ಜ್ಞಾನವನ್ನು ಅಲ್ಲೇ ಬಿಟ್ಟು ಬರಬಾರದಿತ್ತೇ? ತಂದು ಹರಿಹರದಲ್ಲಿ ಜಾರಿ ಮಾಡಿದರು.

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತೇ ಇದೆ. ಮೊದಲ ‘ಬ್ಯಾಡ್ರಿ’ ಎಂದರೆ ನಾನು ಅನ್ನ ಕಾಣದೆ ಬಂದವನಲ್ಲ ಎಂದರ್ಥ. ಎರಡನೆಯದಕ್ಕೆ, ಹೆಣ್ಣುಮಕ್ಕಳಿಗೆ ಯಾಕೆ ತೊಂದರೆ ಎಂದರ್ಥ. ಮೂರನೆಯ ‘ಬ್ಯಾಡ್ರಿ’ಗೆ, ಇನ್ನೊಂದು ಸಲ ಹೇಳಿದರೆ ಕೂತುಬಿಡುತ್ತೇನೆ ಎಂದರ್ಥ. ಆಮೇಲೆ ಎಲೆಗೆ ಅಡ್ಡ ಹಿಡಿದ ಕೈಯ ಮೇಲೇ ಬಡಿಸುತ್ತಾರೆ, ಬೆರಳ ಸಂದಿಯಲ್ಲಿ ತುಪ್ಪ ಇಳಿಯುತ್ತದೆ, ಎಲ್ಲರಿಗೂ ಮರ್ಯಾದೆ ಉಳಿಯುತ್ತದೆ. ಇಂಥ ನಯವಾದ ಏರ್ಪಾಟು ಭೂಮಂಡಲದಲ್ಲಿ ಬೇರೆಲ್ಲಿದೆ? ದೇಶದೇಶದ ವಿಚಿತ್ರಗಳನ್ನು ಪತ್ರಿಕೆಯಲ್ಲಿ ಬರೆಯುವವರಿಗೆ ಇದು ಕಣ್ಣಿಗೆ ಬೀಳುವುದಿಲ್ಲ. ಅವರಿಗೆ ನಾವು ಕೈಯಲ್ಲಿ ಉಣ್ಣುವುದಷ್ಟೇ ಕಾಣುತ್ತದೆ.

ಭಾವ ಬಂದ ಹೊಸದರಲ್ಲಿ ಒಂದು ಭಾನುವಾರ ನೋಡಿಕೊಂಡು ಬರೋಣವೆಂದು ರೈಲು ಹತ್ತಿ ಹರಿಹರಕ್ಕೆ ಹೋದೆ. ಸುಡುಬಿಸಿಲು. ಸ್ಟೇಷನ್ನಿನಿಂದ ನಡೆದು ಮನೆ ಮುಟ್ಟುವಾಗ ಅಡುಗೆಮನೆಯಿಂದ ಎಣ್ಣೆಗಾಯಿಯ ವಾಸನೆ ಬೀದಿಗೇ ಬರುತ್ತಿತ್ತು. ಊಟ ಮಾಡ್ತೀಯಾ ಎಂದು ಭಾವ ಕೇಳಿದರು. ಆಗಿದೆ ಎಂದೆ, ಹಾಗೆಯೇ ಅನ್ನಬೇಕಲ್ಲ. ಸರಿ ಎಂದು ಅವರು ನನ್ನೆದುರಿಗೇ ಕೂತು ಮೂರು ರೊಟ್ಟಿ ಉಂಡರು. ಉಣ್ಣುತ್ತಾ ಜರ್ಮನಿಯ ರೈಲುಗಳ ಸಮಯಪಾಲನೆಯನ್ನು ಹೊಗಳಿದರು. ಅಕ್ಕ ಬಾಗಿಲ ಸಂದಿಯಿಂದ ನನ್ನನ್ನು ನೋಡಿ ಕಣ್ಣೊರೆಸಿಕೊಂಡಳು. ಎರಡನೆಯ ಸಲ ಕೇಳಬಾರದೆಂದು ಅವಳಿಗೂ ತಾಕೀತು ಆಗಿತ್ತು. ಅವತ್ತು ದಾವಣಗೆರೆಗೆ ಬಂದು ಇಳಿದವನೇ ಮಂಡಕ್ಕಿ ಅಂಗಡಿಗೆ ನುಗ್ಗಿದೆ. ಒಡಹುಟ್ಟಿದವಳ ಮನೆಗೆ ಹೋಗಿ ಉಪವಾಸ ಬಂದವನು ನಾನೊಬ್ಬನೇ ಇರಬೇಕು.

ನನ್ನ ಹೊಟ್ಟೆಯ ಮಾತು ಬಿಡಿ. ಇದು ತಂಗಿ ಗಿರಿಜೆಯ ಮದುವೆಗೆ ಬಂದು ತಾಗಿದ್ದು ದೊಡ್ಡ ಅನ್ಯಾಯ. ಗಿರಿಜೆ ಉದ್ದನೆಯ ಹುಡುಗಿ. ನೋಡಲು ಬಂದ ವರಗಳೆಲ್ಲ ಅವಳು ಎದ್ದು ನಿಂತ ಕೂಡಲೇ ಜಾತಕ ಕೂಡಿಬರಲಿಲ್ಲವೆಂದು ಜಾರಿಕೊಳ್ಳುತ್ತಿದ್ದರು. ತಂದೆ ತಾಯಿ ಇಲ್ಲದ ಹುಡುಗಿ, ನಾನೇ ಎಲ್ಲ. ಕೊನೆಗೆ ಭಾವನೇ ಒಂದು ಸಂಬಂಧ ತಂದರು. ಹುಡುಗ ಅವರ ಕೈಕೆಳಗೆ ಲೇತ್ ಯಂತ್ರ ನಡೆಸುವ ಟರ್ನರು, ಬಾಗಿಲಲ್ಲಿ ತಲೆ ಬಗ್ಗಿಸಿ ನುಗ್ಗುವಷ್ಟು ಎತ್ತರ. ತಂದೆ ಬಸವನಗೌಡರು ನಂದಿಗುಡಿಯಲ್ಲಿ ಭತ್ತದ ಗದ್ದೆಯವರು. ಅವರಿಗೆ ಹರಿಹರ ಹತ್ತಿರವೆಂದು ಹೆಣ್ಣು ತೋರಿಸುವ ಶಾಸ್ತ್ರ ಭಾವನ ಮನೆಯಲ್ಲೇ ಎಂದಾಯಿತು. ಇದೂ ತಪ್ಪಿದರೆ ಇಷ್ಟೆತ್ತರದ ಇನ್ನೊಬ್ಬ ನಮ್ಮ ಜಿಲ್ಲೆಯಲ್ಲೇ ಸಿಗುತ್ತಾನೆಂಬ ಭರವಸೆ ನನಗಿರಲಿಲ್ಲ.

ಗೌಡರು, ಅವರ ಹೆಂಡತಿ, ಹುಡುಗ ಮೂವರೂ ಬಂದರು. ಗಿರಿಜೆ ಬಂದು ನಮಸ್ಕರಿಸಿ ನೆಟ್ಟಗೆ ನಿಂತಳು. ಹುಡುಗನೂ ಏನೋ ನೆವ ಮಾಡಿ ಎದ್ದು ನಿಂತ. ಇಬ್ಬರ ಕಣ್ಣೂ ಒಂದೇ ಮಟ್ಟದಲ್ಲಿ ಸೇರಿದ್ದನ್ನು ನಾನು ನೋಡಿದೆ. ಗೌಡರ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನನ್ನ ಎದೆ ಹಗುರವಾಯಿತು. ಅಷ್ಟರಲ್ಲಿ ಅಕ್ಕ ಕೇಸರಿಬಾತಿನ ತಟ್ಟೆಗಳನ್ನು ತಂದಿಟ್ಟಳು. ಗಂಡಿನ ಕಡೆಯವರು ಬಾಯಿ ಸಿಹಿ ಮಾಡಿಕೊಂಡರೆ ಹೆಣ್ಣನ್ನು ಒಪ್ಪಿದ ಹಾಗೆ. ಅದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಭಾವ ಮುಂದೆ ಬಂದು, ತಗೊಳ್ತೀರಾ ಎಂದು ಕೇಳಿದರು.

“ಬ್ಯಾಡ್ರಿ, ಈಗಷ್ಟ ಉಂಡು ಬಂದೀವಿ,” ಎಂದರು ಗೌಡರು, ತಟ್ಟೆಯ ಕಡೆಗೆ ಸ್ವಲ್ಪ ಸರಿದು ಕೂರುತ್ತಾ.

“ಸರಿ,” ಎಂದರು ಭಾವ. ಮೂರೂ ತಟ್ಟೆಗಳನ್ನು ತಮ್ಮ ಕೈಯಾರೆ ಎತ್ತಿಕೊಂಡು ಒಳಗೆ ಹೋದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಕಾಫಿಗೂ ಅದೇ ಗತಿಯಾಯಿತು. ಗೌಡರ ಮುಖ ಕಪ್ಪಿಟ್ಟಿತು. ಬಸ್ಸಿನ ಹೊತ್ತಾಯಿತೆಂದು ಎದ್ದು, ರುಮಾಲು ಸರಿಪಡಿಸಿಕೊಂಡು, ಮೆಟ್ಟಿಲಿಳಿದು ಹೋದರು. ಹುಡುಗ ತಿರುತಿರುಗಿ ನೋಡುತ್ತಾ ಹಿಂದೆ ಹೋದ. ಭಾವ ಒಳಗಿನಿಂದ ಬಂದು ಕೈ ಉಜ್ಜಿಕೊಳ್ಳುತ್ತಾ, ನೋಡಿದೆಯಾ, ಎಷ್ಟು ಚೊಕ್ಕಟವಾಗಿ ಮುಗಿಯಿತು, ಜರ್ಮನಿಯಲ್ಲೂ ಹೀಗೇ ಎಂದರು. ಜರ್ಮನಿಯಲ್ಲಿ ಹೆಣ್ಣುಗಳಿಗೆ ಮದುವೆ ಹೇಗಾಗುತ್ತದೋ ಆ ದೇವರಿಗೇ ಗೊತ್ತು. ಹಿರಿಯರೆಂಬ ಮುಲಾಜು ಬಿಟ್ಟು ಅವತ್ತು ಅವರಿಗೆ ನಾನು ಅಂದದ್ದನ್ನು ಇಲ್ಲಿ ಬರೆಯಲಾರೆ. ಅಕ್ಕ ಅಡುಗೆಮನೆಯಲ್ಲಿ ಬಿಕ್ಕುತ್ತಿದ್ದಳು. ಗಿರಿಜೆ ಮಾತ್ರ ಗೋಡೆಗೊರಗಿ, “ಅಣ್ಣ, ಬಸ್ಸು ಇನ್ನೂ ಹೋಗಿರಂಗಿಲ್ಲ,” ಎಂದಳು.

ಚಪ್ಪಲಿ ಹಾಕಿಕೊಳ್ಳದೆ ಓಡಿದೆ. ಬಸ್ ನಿಲ್ದಾಣದ ಪಕ್ಕದಲ್ಲಿ ಖಾದರ್ ಸಾಹೇಬರ ಮಿರ್ಚಿ ಅಂಗಡಿ. ಈಗಷ್ಟ ಉಂಡು ಬಂದಿದ್ದ ಗೌಡರು ಅಲ್ಲಿ ಬೆಂಚಿನ ಮೇಲೆ ಕೂತು ಮಂಡಕ್ಕಿಯನ್ನು ಹಿಡಿಹಿಡಿಯಾಗಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಕೇಳದೆಯೇ ಖಾದರ್ ಸಾಹೇಬರು ಅವರ ತಟ್ಟೆಗೆ ಇನ್ನೆರಡು ಮಿರ್ಚಿ ಇಟ್ಟು, ತಿನ್ರಿ ಗೌಡ್ರ ಎನ್ನುತ್ತಿದ್ದರು. ನಾನು ಹೋಗಿ ಕೈ ಹಿಡಿದುಕೊಂಡೆ.

ಗೌಡರು ಅಗಿಯುವುದನ್ನು ನಿಲ್ಲಿಸಿದರು. “ಇಟ್ಟ ತಟ್ಟಿ ಎತ್ತಿಕೊಂಡು ಹೋದಮ್ಯಾಲೆ ಇನ್ನೇನೈತ್ರಿ? ನಮ್ಮ ಹುಡುಗ ಬ್ಯಾಡ ಅಂತ ಬಾಯಿಲೇ ಹೇಳಿದ್ರ ಆಗ್ತಿತ್ತು. ತಟ್ಟಿ ಯಾಕ ತೋರಿಸಬೇಕಿತ್ತು?”

ಅವರ ಕಣ್ಣಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ನೋವಿತ್ತು. ನಾವೇ ಅವರನ್ನು ತಿರಸ್ಕರಿಸಿದೆವೆಂದು ತಿಳಿದಿದ್ದರು. ಹಡಗು, ಮುದುಕಿ, ಆಲೂಗಡ್ಡೆ, ಬೆಲ್ಟಿನ ತೂತು ಎಲ್ಲವನ್ನೂ ಉಸಿರು ಬಿಡದೆ ಹೇಳಿದೆ. ಭಾವನನ್ನು ಎಷ್ಟು ಹೀನಾಯವಾಗಿ ಬೈಯಬಹುದೋ ಅಷ್ಟೂ ಬೈದೆ. ಗೌಡರು ತಟ್ಟೆ ಪಕ್ಕಕ್ಕಿಟ್ಟು, ಅಂಥಾ ದೇಶದಾಗೆ ಜನ ಹೆಂಗೆ ಬದುಕ್ತಾರೋ ಎಂದು ಮರುಗಿದರು. ಗೌಡತಿ ಆಗಲೇ ಎದ್ದಿದ್ದರು. ಹುಡುಗನಂತೂ ಭಾವನ ಮನೆಯ ದಾರಿಯಲ್ಲಿ ನಮಗಿಂತ ಮುಂದಿದ್ದ.

ಮತ್ತೆ ಎಲ್ಲರೂ ಕೂತೆವು. ಭಾವ ಮೂಲೆಯಲ್ಲಿ ನಿಂತಿದ್ದರು, ಅಕ್ಕ ಅವರ ಕೈಗೆ ತಟ್ಟೆ ಸಿಗದಂತೆ ನೋಡಿಕೊಂಡಿದ್ದಳು. ಗೌಡರು ತಟ್ಟೆಯನ್ನು ಮುಟ್ಟಲಿಲ್ಲ. ಗಂಟಲು ಸರಿಮಾಡಿಕೊಂಡು, ನಮ್ಮೆಲ್ಲರ ಮುಖ ನೋಡಿ, “ತಿನ್ನೋದು ಆಮ್ಯಾಲೆ. ಈ ಮನಿ ಪದ್ಧತಿ ಹೆಂಗೈತೋ ಹಂಗೇ ನಾನೂ ಒಂದ ಸಲ ಕೇಳ್ತೀನಿ. ನಮ್ಮ ಹುಡುಗ ನಿಮಗೆ ಒಪ್ಪಿಗೇನು?” ಎಂದರು.

ಇದಕ್ಕೆ ಉತ್ತರ ಕೊಡುವ ಹಕ್ಕು ನನ್ನದು. ಏನು ಹೇಳಬೇಕೆಂದು ದಾವಣಗೆರೆಯಿಂದ ಬರುವಾಗಲೇ ರೈಲಿನಲ್ಲಿ ಅಭ್ಯಾಸ ಮಾಡಿಕೊಂಡಿದ್ದೆ. ಮೊದಲು, ಹಿರಿಯರನ್ನು ಕೇಳಬೇಕು ಎನ್ನುವುದು. ಎರಡನೆಯ ಸಲಕ್ಕೆ, ಋಣಾನುಬಂಧ ಇದ್ದಂತಾಗಲಿ ಎನ್ನುವುದು. ಹೆಣ್ಣಿನ ಕಡೆಯವರು ಬಾಯಿಬಿಟ್ಟುಕೊಂಡು ಕಾದಿದ್ದಾರೆಂದು ಯಾರೂ ತಿಳಿಯಬಾರದಲ್ಲ. ಹೆಗಲ ಮೇಲಿನ ವಲ್ಲಿ ಸರಿಪಡಿಸಿಕೊಂಡು, ಗಾಂಭೀರ್ಯ ತಂದುಕೊಂಡು, ಹಿರಿಯರನ್ನು ಎಂದು ಶುರುಮಾಡಿದೆ.

“ಒಪ್ಪಿಗೆ ಐತ್ರಿ,” ಎಂದಿತು ನಡುಮನೆಯ ಬಾಗಿಲಿನಿಂದ ಒಂದು ದನಿ.

ಗಿರಿಜೆ. ತಲೆ ತಗ್ಗಿಸಿರಲಿಲ್ಲ, ಉಗುರು ಕಚ್ಚಿರಲಿಲ್ಲ, ಹೆಬ್ಬೆರಳಿನಿಂದ ನೆಲವನ್ನೂ ಕೆರೆದಿರಲಿಲ್ಲ. ಮೊದಲು ಗೌಡತಿ ನಗತೊಡಗಿದರು, ಅಕ್ಕ ನಕ್ಕಳು, ಹುಡುಗ ಕಿವಿಯ ತನಕ ಕೆಂಪಾದ. ಗೌಡರು ತಟ್ಟೆಯನ್ನು ಹತ್ತಿರಕ್ಕೆಳೆದುಕೊಂಡು ಕೇಸರಿಬಾತಿಗೆ ಕೈ ಹಾಕಿದರು. ಮೂಲೆಯಲ್ಲಿದ್ದ ಭಾವನ ಮುಖ ನೋಡಬೇಕಿತ್ತು, ಜರ್ಮನಿಯನ್ನು ತಾವೇ ಕಟ್ಟಿಸಿದವರ ಹಾಗೆ ಬೀಗುತ್ತಿದ್ದರು. ಆ ಸಂಭ್ರಮದಲ್ಲಿ ಅವರು ನನ್ನ ಮುಂದೆಯೂ ಒಂದು ತಟ್ಟೆ ಹಿಡಿದು ಏನೋ ಕೇಳಿದ ನೆನಪು.

ಸಂಜೆಯ ರೈಲಿನಲ್ಲಿ ವಾಪಸು ಬರುವಾಗ ಗಿರಿಜೆಯನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡೆ. ಅಣ್ಣನೆಂಬುವನು ಬಾಯಿ ತೆರೆದಿರುವಾಗಲೇ ನುಗ್ಗುವುದೇ? ನಮ್ಮ ಮನೆ ಬಿಟ್ಟು ಹೋಗಲು ಅಷ್ಟು ಅವಸರವೇ? ಹೋಗಲಿ, ಶಾಸ್ತ್ರಕ್ಕೆಂದು ಒಂದೇ ಒಂದು ಸಲ ಬೇಡ ಅನ್ನಬಾರದಿತ್ತೇ? ಅವಳಿಲ್ಲದ ಮನೆಯನ್ನು ನಾನು ಅಲ್ಲಿಯತನಕ ನೆನೆಸಿಕೊಂಡೇ ಇರಲಿಲ್ಲ.

ಗಿರಿಜೆ ಕಿಟಕಿಯ ಕಡೆ ನೋಡುತ್ತಾ ಮೆಲ್ಲಗೆ ಹೇಳಿದಳು, “ಬ್ಯಾಡ ಅಂದಿದ್ರ ಭಾವ ತಟ್ಟಿ ಎತ್ತಿದಂಗ ಅವರನ್ನೂ ಎತ್ತಿಕೊಂಡು ಒಳಗಿಟ್ಟು ಬಿಡ್ತಿದ್ರಲ್ಲಣ್ಣ.”

ನಾನು ಹಸಿದ ಹೊಟ್ಟೆ ಹಿಡಿದುಕೊಂಡು ಕೂತೆ. ತಂಗಿಯ ನಿಶ್ಚಯದ ಕೇಸರಿಬಾತನ್ನು ಎಲ್ಲರೂ ತಿಂದಿದ್ದರು, ಭಾವ ಕೇಳಿದಾಗ ನಾನೊಬ್ಬ ಬ್ಯಾಡ ಅಂದಿದ್ದೆ.