ನಲ್ಲಿ ಗುರುಗಳು

ಬೆಳಿಗ್ಗೆ ಇಕ್ಕಟ್ಟಾದ ಮೂಲೆಯಲ್ಲಿ ಸುತ್ತಿಗೆಯನ್ನು ಎಡಗೈಗೆ ಬದಲಿಸಿಕೊಂಡು ಗೋಡೆಗೆ ಮೊಳೆ ಹೊಡೆಯಲು ಹೋದ ಪ್ಲಂಬರ್ ಮೊಳೆಯನ್ನು ಬಿಟ್ಟು ತನ್ನ ಬಲಗೈ ಹೆಬ್ಬೆರಳಿಗೇ ಹೊಡೆದುಕೊಂಡ. ಹೆಂಡತಿ ಹಳೇ ದಿಂಬಿನ ಕವರ್ ಹರಿದು ಎಷ್ಟು ಸುತ್ತಿದಳೆಂದರೆ, ಬೆರಳು ಹೋಗಿ ಬದನೆಕಾಯಿಯಾಯಿತು.

“ರೀ, ಇವತ್ತು ವಿಡಿಯೋ ಬೇಡ. ಈ ಕೈ ತೋರಿಸಿದ್ರೆ ಜನ ಹೆದರ್ಕೋತಾರೆ,” ಅಂದಳು.

ವಿಡಿಯೋ ಮಾಡುವವರು ಯಾರೆಂಬುದು ಗಂಡ ಹೆಂಡತಿಯನ್ನು ಬಿಟ್ಟು ಇನ್ಯಾರಿಗೂ ಗೊತ್ತಿಲ್ಲದ ಗುಟ್ಟು. ಇಂಟರ್ನೆಟ್ಟಿನಲ್ಲಿ ಅವರ ‘ನಲ್ಲಿ ಗುರು’ ಎಂಬ ಪೇಜಿಗೆ ನಾಲ್ಕು ಲಕ್ಷ ಜನ ಅಭಿಮಾನಿಗಳು. ಅದರಲ್ಲಿ ಮಾತಿಲ್ಲ, ಮುಖವಿಲ್ಲ. ಎರಡು ಕೈ, ಒಂದು ಸ್ಪ್ಯಾನರ್, ಕೆಳಗೆ ಎರಡು ಸಾಲು ಬರಹ. ಕ್ಯಾಮೆರಾ ಕಂಡರೆ ಪ್ಲಂಬರನ ಮುಖ ನಜ್ಜುಗುಜ್ಜಾದ ಡಬ್ಬಿಯಂತಾಗುತ್ತಿದ್ದುದರಿಂದ ಹೆಂಡತಿ ಕೈಯನ್ನಷ್ಟೇ ತೆಗೆಯುತ್ತಿದ್ದಳು. ಬರೆಯುವವಳೂ ಅವಳೇ, ಬಂದ ಪತ್ರಕ್ಕೆ ಉತ್ತರ ಕೊಡುವವಳೂ ಅವಳೇ. ಅವನು ಮಾತ್ರ ಚೀಲ ಹೆಗಲಿಗೇರಿಸಿ ಮನೆಮನೆ ತಿರುಗುತ್ತಿದ್ದ.

ಅವತ್ತಿನ ಮನೆ ನಿವೃತ್ತ ಟೀಚರಮ್ಮನದು. ಅಡುಗೆಮನೆಯ ನಲ್ಲಿ ಮೂರು ದಿನದಿಂದ ತೊಟ್ಟಿಕ್ಕುತ್ತಿತ್ತು. ಮೇಲಿನ ಮನೆಯ ಲಾಯರ್ರು ಕರೆಯದಿದ್ದರೂ ಇಳಿದು ಬಂದು, ಫ್ರಿಜ್ಜಿಗೆ ಒರಗಿಕೊಂಡು ನಿಂತಿದ್ದರು.

ಪ್ಲಂಬರ್ ಸ್ಪ್ಯಾನರನ್ನು ಎಡಗೈಗೆ ತೆಗೆದುಕೊಂಡ.

“ಒಂದ್ನಿಮಿಷ!” ಟೀಚರಮ್ಮ ಮೊಬೈಲನ್ನು ಅವನ ಮೂಗಿನ ಮುಂದೆ ಹಿಡಿದರು. “ಕೆಲಸ ಶುರು ಮಾಡೋ ಮೊದಲು ಇದನ್ನ ನೋಡಿಬಿಡಪ್ಪ. ಹೇಗೆ ಮಾಡ್ಬೇಕು ಅಂತ ಗೊತ್ತಾಗುತ್ತೆ.”

ಅವನು ನೋಡಿದ. ಅವನದೇ ಕೈ!

“ನಂಗೂ ಇದೆಲ್ಲ ಬಾಯಿಪಾಠ. ಕೈ ಹಾಕೋಕೆ ಮಾತ್ರ ಧೈರ್ಯ ಇಲ್ಲ,” ಅಂದರು ಟೀಚರಮ್ಮ.

ಪ್ಲಂಬರ್ ನಗು ನುಂಗಿಕೊಂಡು, ನೀರು ನಿಲ್ಲಿಸಲು ಮೇನ್ ವಾಲ್ವ್ ತಿರುಗಿಸಿದ. ನಲ್ಲಿಗೆ ಬಟ್ಟೆ ಸುತ್ತಿ ಸ್ಪ್ಯಾನರ್ ಹಾಕಿದ.

“ಅಬ್ಜೆಕ್ಷನ್!” ಲಾಯರ್ರು ಗುಡುಗಿದರು. “ಗುರುಗಳು ಬಲಗೈಲಿ ಹಿಡೀತಾರೆ!”

ಬೆಚ್ಚಿದ ಎಡಗೈ ಬೇಕಾದ್ದಕ್ಕಿಂತ ಒಂದು ಸುತ್ತು ಹೆಚ್ಚೇ ತಿರುಗಿಸಿತು. ಅದೇ ಎಡಗೈ ವಾಲ್ವನ್ನು ಅರ್ಧವಷ್ಟೇ ಮುಚ್ಚಿತ್ತು. ನಲ್ಲಿಯ ತಲೆ ಹಾರಿತು; ನೀರು ಸೀದಾ ಹೋಗಿ ಲಾಯರ್ರ ಬಾಯಿ ಮುಚ್ಚಿಸಿತು. ಇಪ್ಪತ್ತು ವರ್ಷದಲ್ಲಿ ಯಾವ ಜಡ್ಜಿಗೂ ಆಗದ ಕೆಲಸ.

ಪ್ಲಂಬರ್ ತಾನೂ ನೆನೆದುಕೊಂಡೇ ಓಡಿಹೋಗಿ ವಾಲ್ವ್ ಬಿಗಿ ಮಾಡಿದ. ಲಾಯರ್ರು ನೆನೆದ ಬೆಕ್ಕಿನಂತೆ ನಿಂತು, “ಆ ಮಹಾನುಭಾವರಾಗಿದ್ರೆ ಹೀಗೆ ಮಾಡ್ತಿದ್ರಾ?” ಅಂದರು.

“ನೀನು ಇದನ್ನೊಂದು ಓದು,” ಟೀಚರಮ್ಮ ಮೊಬೈಲಿನಲ್ಲಿ ಏನೋ ಹುಡುಕಿ ತೋರಿಸಿದರು. ಯಾವುದೋ ದೂರದ ಊರಿನ ಹೆಂಗಸು ವಿಡಿಯೋದ ಕೆಳಗೆ ಬರೆದಿದ್ದಳು: ‘ನಮ್ಮನೆಯವರು ಹೋದ ಮೇಲೆ ಯಾವ ಕೆಲಸಕ್ಕೂ ಯಾರನ್ನಾದರೂ ಬೇಡಬೇಕಿತ್ತು. ನಿನ್ನೆ ನಿಮ್ಮ ಕೈ ನೋಡಿಕೊಂಡು ನಾನೇ ನಲ್ಲಿ ಸರಿಮಾಡಿದೆ. ಎಷ್ಟೋ ದಿನದ ಮೇಲೆ ನೆಮ್ಮದಿಯಾಗಿ ನಿದ್ದೆ ಬಂತು.’

ಪ್ಲಂಬರ್ ಅದನ್ನು ಎರಡು ಸಲ ಓದಿದ. ನಾಲ್ಕು ಲಕ್ಷ ಎಂಬುದು ಅವನಿಗೆ ಇಷ್ಟು ದಿನ ಬರೀ ಅಂಕಿ. ಅದರೊಳಗೊಂದು ಅಡುಗೆಮನೆ, ಅಲ್ಲೊಬ್ಬಳು ಹೆಂಗಸು ಇರುತ್ತಾಳೆಂದು ಅವನು ಯೋಚಿಸಿಯೇ ಇರಲಿಲ್ಲ. ಬಾಯಿತಪ್ಪಿ ಬಂದೇಬಿಟ್ಟಿತು:

“ಅದು ನಾನೇ, ಟೀಚರ್.”

ಲಾಯರ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಸಾಕ್ಷಿ?”

ಅವನು ಬದನೆಕಾಯಿ ಬಿಚ್ಚಿದ. ಒಳಗಿನ ಹೆಬ್ಬೆರಳು ಊದಿ, ಕಪ್ಪಾಗಿ, ವಿಡಿಯೋದ ಬೆರಳಿಗೆ ದೂರದ ನೆಂಟನಂತೆಯೂ ಕಾಣಲಿಲ್ಲ.

“ಸಾಕ್ಷಿ ತಿರಸ್ಕರಿಸಲಾಗಿದೆ,” ಅಂದರು ಲಾಯರ್ರು.

ಕೊನೆಗೆ ಅವನು ಹೆಂಡತಿಗೆ ಫೋನ್ ಮಾಡಿ, ಟೀಚರಮ್ಮನ ಮನೆಯ ಫಜೀತಿಯನ್ನೆಲ್ಲ ಹೇಳಿದ. ಎರಡು ನಿಮಿಷಕ್ಕೆ ಪೇಜಿನಲ್ಲಿ ಹೊಸ ಬರಹ ಬಂತು: ‘ಟೀಚರಮ್ಮ, ನಿಮ್ಮ ಅಡುಗೆಮನೆಯಲ್ಲಿ ಒದ್ದೆಯಾಗಿ ನಿಂತಿರುವ ಪ್ಲಂಬರ್ ನಮ್ಮನೆಯವರೇ. ಬೆರಳಿಗೆ ಪೆಟ್ಟಾಗಿದೆ. ದಯವಿಟ್ಟು ಕೂರಿಸಿ.’

ಟೀಚರಮ್ಮ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೆ ಓದಿದರು. “ಅಯ್ಯೋ, ಗುರುಗಳೇ!” ಎಂದು ಕುರ್ಚಿ ಎಳೆದು ತಂದರು. ಲಾಯರ್ರು ತಲೆ ಒರೆಸಿಕೊಳ್ಳುತ್ತಿದ್ದ ಟವಲನ್ನೇ ಭಕ್ತಿಯಿಂದ ಅವನಿಗೆ ಕೊಟ್ಟರು.

“ಇರಲಿ ಬಿಡಿ, ಕೆಲಸ ಮುಗಿಸ್ತೀನಿ,” ಅಂತ ಪ್ಲಂಬರ್ ಕುರ್ಚಿಯಿಂದ ಎದ್ದ.

“ಛೆ ಛೆ! ಈ ಬೆರಳಲ್ಲಾ? ನೀವು ಎದುರಿಗಿರೋವಾಗ ನಂಗೇನು ಹೆದರಿಕೆ?” ಟೀಚರಮ್ಮ ಸೆರಗು ಸಿಕ್ಕಿಸಿ ಸ್ಪ್ಯಾನರ್ ಹಿಡಿದೇಬಿಟ್ಟರು.

ಅವರು ನಲ್ಲಿಯೊಳಗಿನ ಹಳೇ ರಬ್ಬರ್ ವಾಷರ್ ಬಿಡಿಸಿದರು. ಅದು ಕೂರುವ ಜಾಗವನ್ನು ಒರೆಸಿದರು. ಹೊಸದನ್ನು ಕೂರಿಸಿ, ಬೆರಳ ತುದಿಯಲ್ಲಿ ಒಂದು ಸಲ ಒತ್ತಿ ನೋಡಿದರು. ಆ ಒತ್ತುವುದನ್ನು ಅವನು ಯಾರಿಗೂ ಹೇಳಿಕೊಟ್ಟಿರಲಿಲ್ಲ. ಅದು ಅವನ ಅಭ್ಯಾಸ. ಅವರು ನೋಡಿಯೇ ಕಲಿತಿದ್ದರು. ನಲ್ಲಿಯ ತಲೆಯನ್ನು ಮತ್ತೆ ಬಿಗಿದು ವಾಲ್ವ್ ತೆರೆದರೆ ಒಂದು ಹನಿಯೂ ಸೋರಲಿಲ್ಲ. ಪ್ಲಂಬರನಿಗೆ ಮಗಳು ಫಸ್ಟ್ ಕ್ಲಾಸಿನಲ್ಲಿ ಪಾಸಾದಷ್ಟು ಹೆಮ್ಮೆಯಾಯಿತು.

ಆಗಲೇ ಟೀಚರಮ್ಮನ ಮೊಬೈಲ್ ಹೊಡೆದುಕೊಂಡಿತು. ಲಾಯರ್ರು ಅಷ್ಟರಲ್ಲೇ ಟೀಚರಮ್ಮನ ರಿಪೇರಿಯ ವಿಡಿಯೋ ತೆಗೆದು ಬೀದಿಯ ಗ್ರೂಪಿಗೆ ಹಾಕಿಯಾಗಿತ್ತು.

“ಎದುರು ಬಿಲ್ಡಿಂಗ್‌ನವರು. ಸಿಂಕ್ ಕೆಳಗೆ ಸೋರ್ತಿದೆಯಂತೆ,” ಅಂದರು ಟೀಚರಮ್ಮ ಫೋನಿಟ್ಟು.

ಪ್ಲಂಬರ್ ಖುಷಿಯಿಂದ ಚೀಲ ಎತ್ತಿಕೊಂಡ. “ಈಗಲೇ ಹೋಗ್ತೀನಿ.”

ಟೀಚರಮ್ಮ ಸಂಕೋಚದಿಂದ ಕೆಮ್ಮಿದರು. “ಅದು... ಗುರುಗಳೇ, ಅವರು ಕರೆದಿದ್ದು ನನ್ನನ್ನ. ನೀವೂ ಬನ್ನಿ. ಒಳಗೆ ಕತ್ತಲೆ ಇರುತ್ತೆ, ಟಾರ್ಚ್ ಹಿಡಿಯೋಕೆ ಒಬ್ರು ಬೇಕು.”

ಎದುರು ಮನೆಯ ಬಾಗಿಲು ತೆರೆದ ಹೆಂಗಸು ಮೊದಲು ಟೀಚರಮ್ಮನಿಗೆ ಕೈಮುಗಿದಳು. ಆಮೇಲೆ ಹಿಂದೆ ಚೀಲ ಹೊತ್ತು ನಿಂತವನನ್ನು ಕಂಡಳು.

“ಓಹೋ, ಆಗಲೇ ಅಸಿಸ್ಟೆಂಟ್‌ನೂ ಇಟ್ಕೊಂಡಿದೀರಾ ಟೀಚರ್?”

ಟೀಚರಮ್ಮ ಗಾಬರಿಯಿಂದ ಬಾಯಿ ತೆರೆಯುವಷ್ಟರಲ್ಲಿ ಪ್ಲಂಬರ್ ನೇರ ಅಡುಗೆಮನೆಗೆ ನಡೆದು, ಸಿಂಕಿನ ಕೆಳಗೆ ಬಗ್ಗಿ, ಎಡಗೈಯಲ್ಲಿ ಟಾರ್ಚ್ ಹೊತ್ತಿಸಿದ.

“ಸ್ವಲ್ಪ ಈ ಕಡೆ ಬನ್ನಿ ಟೀಚರ್,” ಅಂದ, “ಸೋರ್ತಿರೋದು ಇಲ್ಲಿ.”